ಪುಟ್ಟ ಲಿನಕ್ಸ್‌ಗೆ ಯಾವ ಪ್ಯಾಕೇಜ್ ಮ್ಯಾನೇಜರ್? ಎಪಿಕೆ, ಪ್ಯಾಕ್‌ಮ್ಯಾನ್, ಎಕ್ಸ್‌ಬಿಪಿಎಸ್, ಆಪ್ಟ್

ಲಿನಕ್ಸ್‌ನಲ್ಲಿ ತಂತ್ರಾಂಶ ಹಾಕುವ, ತೆಗೆಯುವ, ಹೊಸದು ಮಾಡುವ ಸಾಧನವೇ ಪ್ಯಾಕೇಜ್ ಮ್ಯಾನೇಜರ್. ಇವನ್ನು ಹೋಲಿಸುವ ಬರಹಗಳಲ್ಲಿ ಬಹುಪಾಲು ವೇಗದ ಲೆಕ್ಕವೇ ತುಂಬಿರುತ್ತದೆ. ಇದು ಎಷ್ಟು ಸೆಕೆಂಡಿನಲ್ಲಿ ಹಾಕಿತು, ಅದು ಎಷ್ಟು ಸೆಕೆಂಡಿನಲ್ಲಿ ಹಾಕಿತು ಎಂಬ ಪಟ್ಟಿ. ಆಲ್ಪೈನ್‌ನ ಎಪಿಕೆ ರೆಪ್ಪೆ ಬಡಿಯುವಷ್ಟರಲ್ಲಿ ಕೆಲಸ ಮುಗಿಸುತ್ತದೆ, ಡೆಬಿಯನ್‌ನ ಆಪ್ಟ್ ಸ್ವಲ್ಪ ತಡಮಾಡುತ್ತದೆ, ಅಲ್ಲಗಳೆಯುವಂತಿಲ್ಲ. ಆದರೆ ಆ ಕೆಲವು ಸೆಕೆಂಡುಗಳಿಗಾಗಿ ಯಾರೂ ಡಿಸ್ಟ್ರೋ (ಆಲ್ಪೈನ್, ಡೆಬಿಯನ್‌ನಂತಹ ಲಿನಕ್ಸ್‌ನ ಸಿದ್ಧ ರೂಪ) ಬದಲಾಯಿಸಬೇಕಾಗಿಲ್ಲ. ತಂತ್ರಾಂಶ ಹಾಕುವ ದಿನ ಎಲ್ಲವೂ ಸಲೀಸು. ಗುಣ ಗೊತ್ತಾಗುವುದು ತೆಗೆಯುವ ದಿನ, ಮತ್ತು ಆರು ತಿಂಗಳು ಮುಟ್ಟದೆ ಬಿಟ್ಟ ಯಂತ್ರವನ್ನು ಅಪ್‌ಡೇಟ್ ಮಾಡಲು ಕೂತ ದಿನ.

ಉಬುಂಟುವಿನಂತಹ ತುಂಬಿದ ಮನೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಬೇಕಾದದ್ದೆಲ್ಲ ಮೊದಲೇ ಇರುತ್ತದೆ, ಗ್ರಾಫಿಕಲ್ ಅಂಗಡಿಯೂ ಇರುತ್ತದೆ. ಕನಿಷ್ಠ ಡಿಸ್ಟ್ರೋಗಳಲ್ಲಿ ಹಾಗಲ್ಲ. ಲಾಗಿನ್ ಆದ ಮೇಲೆ ಎದುರಿಗಿರುವುದು ಮಿನುಗುವ ಕರ್ಸರ್ ಮಾತ್ರ. ಎಡಿಟರ್, ವೈಫೈ ಸಂಪರ್ಕದ ಸಾಧನ, ಸಹಾಯದ ಪುಟ, ಅಕ್ಷರ ತೋರಿಸುವ ಫಾಂಟ್, ಹೀಗೆ ಒಂದೊಂದನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಆದ್ದರಿಂದ ಇಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂದರೆ ಅರ್ಧ ಡಿಸ್ಟ್ರೋ ಇದ್ದಂತೆಯೇ. ನಾನು ನಾಲ್ಕನ್ನು ಎತ್ತಿಕೊಂಡಿದ್ದೇನೆ: ಆಲ್ಪೈನ್‌ನ ಎಪಿಕೆ, ಆರ್ಚ್‌ನ ಪ್ಯಾಕ್‌ಮ್ಯಾನ್, ವಾಯ್ಡ್‌ನ ಎಕ್ಸ್‌ಬಿಪಿಎಸ್, ಮತ್ತು ಕನಿಷ್ಠ ರೂಪದಲ್ಲಿ ಹಾಕಿಕೊಂಡ ಡೆಬಿಯನ್‌ನ ಆಪ್ಟ್. ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆಗಳು ಮೂರು. ನಾನು ಕೇಳಿ ಹಾಕಿಸಿದ್ದು ಯಾವುದು, ಅದರ ಬೆನ್ನಿಗೆ ತಾನಾಗಿ ಬಂದದ್ದು ಯಾವುದು ಎಂಬುದು ಇದಕ್ಕೆ ನೆನಪಿದೆಯೇ? ಅರ್ಧಂಬರ್ಧ ಅಪ್‌ಡೇಟ್ ಮಾಡಿದರೆ ಇದು ನನ್ನನ್ನು ತಡೆಯುತ್ತದೆಯೇ? ಬಹುಕಾಲ ಬಿಟ್ಟು ಬಂದರೆ ಒಳಗೆ ಸೇರಿಸಿಕೊಳ್ಳುತ್ತದೆಯೇ?

ಆದೇಶಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ ಮಾತ್ರ ರೋಮನ್ ಅಕ್ಷರಗಳನ್ನೇ ಕೇಳುತ್ತದೆ. ಪ್ಯಾಕ್‌ಮ್ಯಾನ್ ಮತ್ತು ಎಕ್ಸ್‌ಬಿಪಿಎಸ್‌ಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅರ್ಥ ಕೊಡುತ್ತವೆ ಎಂಬುದನ್ನು ಮರೆಯಬಾರದು.

ಎಪಿಕೆ: ಬೇಕುಗಳ ಚೀಟಿ

ಆಲ್ಪೈನ್ ಹುಟ್ಟಿದ್ದು ರೌಟರ್, ಫೈರ್‌ವಾಲ್‌ಗಳಂತಹ ಸಣ್ಣ ಪೆಟ್ಟಿಗೆಗಳಿಗಾಗಿ. ಮುಂದೆ ಪ್ರೋಗ್ರಾಂ ಜೊತೆ ಅದಕ್ಕೆ ಬೇಕಾದ್ದನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಓಡಿಸುವ ಡಾಕರ್ ಕಂಟೇನರ್‌ಗಳ ಕಾಲ ಬಂದಾಗ ಅದರ ಅದೃಷ್ಟ ಖುಲಾಯಿಸಿತು, ಏಕೆಂದರೆ ಅದರ ಮೂಲ ಕಂಟೇನರ್ ಇಮೇಜ್ 10 ಎಂಬಿಗಿಂತ ಚಿಕ್ಕದು. ಓಪನ್‌ಡಬ್ಲ್ಯುಆರ್‌ಟಿ ಎಂಬ ರೌಟರ್ ವ್ಯವಸ್ಥೆಯೂ ತನ್ನ ಹಳೆಯ ಓಪಿಕೆಜಿಯನ್ನು ಬಿಟ್ಟು 2024ರ ಕೊನೆಯಲ್ಲಿ ತನ್ನ ಅಭಿವೃದ್ಧಿ ಶಾಖೆಯನ್ನು ಎಪಿಕೆಗೆ ಬದಲಾಯಿಸಿತು. ಹಾಗಾಗಿ ಇದನ್ನು ಕಲಿತರೆ ಒಂದಕ್ಕಿಂತ ಹೆಚ್ಚು ಕಡೆ ಉಪಯೋಗಕ್ಕೆ ಬರುತ್ತದೆ.

ಎಪಿಕೆಯ ಜೀವಾಳವೆಂದರೆ ‘ವರ್ಲ್ಡ್’ ಎಂಬ ಒಂದು ಪುಟ್ಟ ಪಠ್ಯ ಫೈಲ್. ಇಟಿಸಿ ಡೈರೆಕ್ಟರಿಯೊಳಗೆ ಎಪಿಕೆ ಎಂಬ ಫೋಲ್ಡರ್‌ನಲ್ಲಿ ಇರುತ್ತದೆ. ದಿನಸಿ ಅಂಗಡಿಗೆ ಕೊಡುವ ಚೀಟಿಯಂತೆ, ನೀವಾಗಿ ಕೇಳಿದ ಹೆಸರುಗಳು ಮಾತ್ರ ಅದರಲ್ಲಿ ಸಾಲಾಗಿ ಇರುತ್ತವೆ. ‘ಎಪಿಕೆ ಆ್ಯಡ್’ ಎಂದು ಒಂದು ಹೆಸರು ಕೊಟ್ಟರೆ ಮೊದಲು ಆ ಹೆಸರು ಪಟ್ಟಿಗೆ ಸೇರುತ್ತದೆ. ಆಮೇಲೆ ಪಟ್ಟಿಯನ್ನು ಪೂರೈಸಲು ಏನೇನು ಬೇಕು ಎಂದು ಎಪಿಕೆ ಲೆಕ್ಕ ಹಾಕಿ ವ್ಯವಸ್ಥೆಯನ್ನು ಆ ಸ್ಥಿತಿಗೆ ತರುತ್ತದೆ. ‘ಎಪಿಕೆ ಡೆಲ್’ ಎಂದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಅದಕ್ಕಾಗಿಯೇ ಬಂದಿದ್ದ ಲೈಬ್ರರಿಗಳೂ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಜೊತೆಗೇ ಹೊರಬೀಳುತ್ತವೆ. ಅನಾಥ ಪ್ಯಾಕೇಜ್‌ಗಳನ್ನು ಹುಡುಕಿ ಗುಡಿಸುವ ಬೇರೆ ಆದೇಶವೇ ಇಲ್ಲ, ಬೇಕಾಗುವುದೂ ಇಲ್ಲ. ಬೇರೆ ಯಾವುದೋ ತಂತ್ರಾಂಶ ಅದನ್ನೇ ನೆಚ್ಚಿಕೊಂಡಿದ್ದರೆ ಎಪಿಕೆ ಪಟ್ಟಿಯನ್ನು ತಿದ್ದಿ, ಪ್ಯಾಕೇಜನ್ನು ಉಳಿಸಿಕೊಂಡು, ಯಾರಿಗಾಗಿ ಉಳಿಸಿಕೊಂಡೆ ಎಂಬುದನ್ನು ಹೆಸರಿಸಿ ಹೇಳುತ್ತದೆ. ಈ ಸೌಜನ್ಯ ನನಗೆ ಬಹಳ ಇಷ್ಟ.

ಇದರಿಂದ ಒಂದು ದೊಡ್ಡ ಅನುಕೂಲವಿದೆ. ವರ್ಲ್ಡ್ ಫೈಲನ್ನು ಬೇರೊಂದು ಆಲ್ಪೈನ್ ಯಂತ್ರಕ್ಕೆ ನಕಲು ಮಾಡಿ ‘ಎಪಿಕೆ ಫಿಕ್ಸ್’ ಓಡಿಸಿದರೆ ಪಟ್ಟಿಯಲ್ಲಿರುವುದೆಲ್ಲ ಅಲ್ಲಿಯೂ ಬಂದು ಕೂರುತ್ತದೆ. ತಂತ್ರಾಂಶ ಕಂಪೈಲ್ ಮಾಡಲು, ಅಂದರೆ ಮೂಲ ಕೋಡ್‌ನಿಂದ ಕಟ್ಟಿಕೊಳ್ಳಲು, ಒಂದಿಷ್ಟು ಹತಾರಗಳು ತಾತ್ಕಾಲಿಕವಾಗಿ ಬೇಕಾದರೆ ‘ವರ್ಚುವಲ್’ ಎಂಬ ಆಯ್ಕೆಯೊಡನೆ ಒಂದು ಗುಂಪುಹೆಸರು ಕೊಟ್ಟು ಹಾಕಿಸಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಆ ಒಂದು ಹೆಸರನ್ನು ಅಳಿಸಿದರೆ ಇಡೀ ಗುಂಪು ಖಾಲಿ. ರಾಸ್ಪ್‌ಬೆರಿ ಪೈನಂತಹ ಯಂತ್ರಗಳಲ್ಲಿ ಆಲ್ಪೈನ್ ಪೂರ್ತಿಯಾಗಿ ರ‍್ಯಾಮ್‌ನಲ್ಲೇ ಓಡಬಲ್ಲದು. ಆಗ ‘ಎಲ್‌ಬಿಯು ಕಮಿಟ್’ ಎಂದರೆ ಸಂರಚನೆಯ ಫೈಲುಗಳೂ ವರ್ಲ್ಡ್ ಪಟ್ಟಿಯೂ ಒಂದು ಚಿಕ್ಕ ಗಂಟಾಗಿ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತವೆ, ಮುಂದಿನ ಬಾರಿ ಯಂತ್ರ ಏಳುವಾಗ ಪಟ್ಟಿಯ ಪ್ರಕಾರ ಎಲ್ಲವೂ ಮತ್ತೆ ಸಜ್ಜಾಗುತ್ತದೆ. ಬಳಕೆಯಲ್ಲಿ ಕಾರ್ಡಿಗೆ ಬರೆಯುವುದೇ ಇಲ್ಲವಾದ್ದರಿಂದ ಏಕಾಏಕಿ ವಿದ್ಯುತ್ ಹೋದರೂ ಫೈಲ್ ವ್ಯವಸ್ಥೆ ಕೆಡುವ ಭಯ ಕಡಿಮೆ. ದಿನಕ್ಕೆ ಹತ್ತು ಬಾರಿ ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರುಗಳಲ್ಲಿ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇನ್ನು ದೂರು. ಆಲ್ಪೈನ್‌ನ ಸ್ಥಿರ ಶಾಖೆಯ ರೆಪಾಸಿಟರಿಯಲ್ಲಿ, ಅಂದರೆ ಪ್ಯಾಕೇಜ್‌ಗಳ ಉಗ್ರಾಣದಲ್ಲಿ, ಒಂದು ಪ್ಯಾಕೇಜ್‌ನ ಹೊಸ ಆವೃತ್ತಿ ಬಂದೊಡನೆ ಹಳೆಯದು ಮಾಯವಾಗುತ್ತದೆ. ‘ಇದೇ ಆವೃತ್ತಿ ಬೇಕು’ ಎಂದು ಕಂಟೇನರ್ ಫೈಲಿನಲ್ಲಿ ಕಡ್ಡಿ ಮುರಿದಂತೆ ಬರೆದಿಟ್ಟರೆ ಕೆಲವು ವಾರಗಳ ನಂತರ ಅದು ಸಿಗದೆ ಬಿಲ್ಡ್ ನಿಲ್ಲುತ್ತದೆ. ಸಮಾನ ಚಿಹ್ನೆಯ ಬದಲು ಟಿಲ್ಡೆ ಚಿಹ್ನೆ ಬಳಸಿ ‘ಈ ಸರಣಿಯಲ್ಲಿ ಯಾವುದಾದರೂ ಸರಿ’ ಎಂದು ಬರೆಯುವುದು ಕ್ಷೇಮ. ಬೆಂಬಲದ ಅವಧಿಯನ್ನೂ ಗಮನಿಸಬೇಕು. ಪ್ರತಿ ಆರು ತಿಂಗಳಿಗೆ ಸುಮಾರಾಗಿ ಒಂದು ಬಿಡುಗಡೆ ಇದೆ. ‘ಮೇನ್’ ರೆಪಾಸಿಟರಿಗೆ ಎರಡು ವರ್ಷಗಳ ಕಾಲ ಭದ್ರತಾ ತಿದ್ದುಪಡಿ ಬರುತ್ತದೆ. ‘ಕಮ್ಯುನಿಟಿ’ ರೆಪಾಸಿಟರಿಗೆ ಮುಂದಿನ ಬಿಡುಗಡೆಯ ತನಕ ಮಾತ್ರ. ನೀವು ನೆಚ್ಚಿದ ತಂತ್ರಾಂಶ ಯಾವುದರಲ್ಲಿದೆ ಎಂದು ನೋಡದೆ ಎರಡು ವರ್ಷ ನಿಶ್ಚಿಂತೆಯಿಂದ ಮಲಗಬೇಡಿ.

ಆಲ್ಪೈನ್ ಬಗ್ಗೆ ನಿರ್ಧಾರ ಮಾಡುವಾಗ ಎಪಿಕೆಗಿಂತ ದೊಡ್ಡ ವಿಷಯ ಮಸಲ್. ಬಹುತೇಕ ಲಿನಕ್ಸ್‌ಗಳು ಬಳಸುವ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿ ಆಲ್ಪೈನ್‌ನಲ್ಲಿಲ್ಲ. ಅದರ ಜಾಗದಲ್ಲಿ ಮಸಲ್ ಇದೆ. ರೆಪಾಸಿಟರಿಯಿಂದ ಬಂದದ್ದಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಯಾವುದೋ ಪ್ರಿಂಟರ್ ಕಂಪನಿ ಕೊಟ್ಟ ಸಿದ್ಧ ಪ್ರೋಗ್ರಾಂ, ಜಾಲತಾಣದಿಂದ ಇಳಿಸಿಕೊಂಡ ಬೈನರಿ ಇಂಥವನ್ನು ಓಡಿಸಲು ಹೋದರೆ ‘ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಫೈಲ್ ಕಣ್ಣೆದುರೇ ಇದೆ, ಅನುಮತಿಯೂ ಸರಿಯಿದೆ, ಆದರೂ ಸಿಗಲಿಲ್ಲವಂತೆ. ಸಿಗದಿರುವುದು ಆ ಫೈಲಲ್ಲ, ಅದು ಒಳಗೊಳಗೆ ಕೇಳುತ್ತಿರುವ ಜಿಲಿಬ್‌ಸಿಯ ಲೋಡರ್. ಪೈಥಾನ್‌ನಲ್ಲೂ ಇದೇ ಪಾಡು: ಸಾಮಾನ್ಯ ಲಿನಕ್ಸ್‌ಗೆ ಕಟ್ಟಿಟ್ಟ ವೀಲ್ (ಪೈಥಾನ್‌ನ ಸಿದ್ಧ ಪ್ಯಾಕೇಜ್) ಇಲ್ಲಿ ಹೊಂದುವುದಿಲ್ಲ. ಮಸಲ್‌ಗೆಂದೇ ಬೇರೆ ವೀಲ್ ಕಟ್ಟುವ ನಿಯಮ 2021ರಲ್ಲಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ಎಲ್ಲ ಯೋಜನೆಗಳೂ ಅದನ್ನು ಕೊಡುವುದಿಲ್ಲ, ಕೊಡದಿದ್ದಾಗ ನಿಮ್ಮ ಯಂತ್ರವೇ ಕೂತು ಕಂಪೈಲ್ ಮಾಡಬೇಕು. ಚಿಕ್ಕ ಇಮೇಜ್ ಬೇಕೆಂದು ಆಲ್ಪೈನ್‌ಗೆ ಹೋಗಿ, ಕಂಪೈಲರ್ ತುಂಬಿಕೊಂಡು ದೊಡ್ಡ ಇಮೇಜ್ ಮಾಡಿಕೊಂಡವರು ಕಡಿಮೆಯಿಲ್ಲ.

ಪ್ಯಾಕ್‌ಮ್ಯಾನ್: ಪೂರ್ತಿ ಮಾಡು, ಇಲ್ಲವೇ ಬಿಡು

ಆರ್ಚ್ 2002ರಲ್ಲಿ ಶುರುವಾದದ್ದು, ಪ್ಯಾಕ್‌ಮ್ಯಾನ್ ಅದರ ಜೊತೆಗೇ ಬೆಳೆದದ್ದು. ಇದು ರೋಲಿಂಗ್ ಡಿಸ್ಟ್ರೋ. ಇಲ್ಲಿ ಬಿಡುಗಡೆಗಳೆಂಬುದಿಲ್ಲ, ಹೊಸದು ಬಂದಂತೆ ಹರಿಯುತ್ತಲೇ ಇರುತ್ತದೆ. ಆದೇಶಗಳು ಅಕ್ಷರಗಳ ಜೋಡಣೆ: ದೊಡ್ಡ ಎಸ್ ಎಂದರೆ ರೆಪಾಸಿಟರಿಯಿಂದ ತರುವುದು, ದೊಡ್ಡ ಕ್ಯೂ ಎಂದರೆ ಹಾಕಿರುವುದನ್ನು ವಿಚಾರಿಸುವುದು, ದೊಡ್ಡ ಆರ್ ಎಂದರೆ ತೆಗೆಯುವುದು. ಅದರ ಬೆನ್ನಿಗೆ ಸಣ್ಣಕ್ಷರಗಳು ಅರ್ಥವನ್ನು ತಿದ್ದುತ್ತವೆ. ಮೊದಲ ವಾರ ಬೀಗದ ಸಂಖ್ಯೆಯಂತೆ ಕಂಡರೂ ಆಮೇಲೆ ಕೈಗೆ ಅಂಟಿಕೊಳ್ಳುತ್ತದೆ.

ಕೇಳಿದ್ದು, ಬೆನ್ನಿಗೆ ಬಂದದ್ದು ಎಂಬ ಭೇದ ಪ್ಯಾಕ್‌ಮ್ಯಾನ್‌ಗೂ ಗೊತ್ತು, ಆದರೆ ತಾನಾಗಿ ಗುಡಿಸುವುದಿಲ್ಲ. ಬರೀ ಆರ್ ಎಂದರೆ ಆ ಪ್ಯಾಕೇಜ್ ಮಾತ್ರ ಹೋಗುತ್ತದೆ, ಅದರ ಸಂಗಾತಿಗಳು ಉಳಿಯುತ್ತವೆ. ‘ಆರ್‌ಎನ್‌ಎಸ್’ ಎಂದರೆ ಬೇರೆ ಯಾರಿಗೂ ಬೇಡದ ಸಂಗಾತಿಗಳೂ ಹೋಗುತ್ತವೆ, ಉಳಿಸಿಡುತ್ತಿದ್ದ ಸಂರಚನಾ ಪ್ರತಿಗಳೂ ಹೋಗುತ್ತವೆ. ಶುರುವಿನಿಂದಲೇ ಎರಡನೆಯದನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ಕಸ ಸೇರಿದ್ದರೆ ‘ಕ್ಯೂಡಿಟಿ’ ಪಟ್ಟಿ ಮಾಡಿಕೊಡುತ್ತದೆ.

ಪ್ಯಾಕ್‌ಮ್ಯಾನ್‌ನ ನಿಜವಾದ ಷರತ್ತು ಬೇರೆಯೇ ಇದೆ. ಆರ್ಚ್‌ನಲ್ಲಿ ಅರ್ಧ ಅಪ್‌ಡೇಟ್‌ಗೆ ಬೆಂಬಲವಿಲ್ಲ. ‘ಎಸ್‌ವೈ’ ಎಂದು ಕೊಟ್ಟು ಪಕ್ಕದಲ್ಲಿ ಒಂದು ಪ್ಯಾಕೇಜ್‌ನ ಹೆಸರು ಬರೆದರೆ ಏನಾಗುತ್ತದೆ ನೋಡಿ. ಪಟ್ಟಿ ಇವತ್ತಿನದಾಗುತ್ತದೆ, ಹೊಸ ಪ್ಯಾಕೇಜ್ ಇವತ್ತಿನ ಲೈಬ್ರರಿಯನ್ನು ತರುತ್ತದೆ, ಉಳಿದವೆಲ್ಲ ಕಳೆದ ತಿಂಗಳ ಲೈಬ್ರರಿಯನ್ನು ನಂಬಿಕೊಂಡು ಕೂತಿರುತ್ತವೆ. ಲೈಬ್ರರಿಯ ಆವೃತ್ತಿ ಸಂಖ್ಯೆ ನಡುವೆ ಬದಲಾಗಿದ್ದರೆ ಹಳೆಯ ಪ್ರೋಗ್ರಾಂಗಳು ಎದ್ದೇಳುವುದಿಲ್ಲ. ಪ್ಯಾಕ್‌ಮ್ಯಾನ್ ಇದನ್ನು ಹೆಚ್ಚಿನ ಸಂದರ್ಭಗಳಲ್ಲಿ ತಡೆಯುವುದಿಲ್ಲ, ಏಕೆಂದರೆ ಯಾವ ಲೈಬ್ರರಿಯ ಯಾವ ಸಂಖ್ಯೆ ಬೇಕೆಂಬುದನ್ನು ಎಲ್ಲ ಆರ್ಚ್ ಪ್ಯಾಕೇಜ್‌ಗಳೂ ಬರೆದುಕೊಂಡಿರುವುದಿಲ್ಲ. ಆದ್ದರಿಂದ ಯಾವಾಗಲೂ ‘ಎಸ್‌ವೈಯು’, ಅಂದರೆ ಪಟ್ಟಿಯ ಜೊತೆಗೆ ಇಡೀ ವ್ಯವಸ್ಥೆಯೂ. ಡೆಬಿಯನ್‌ನಿಂದ ಬಂದವರು ‘ಅಪ್‌ಡೇಟ್ ಮಾಡಿ ಆಮೇಲೆ ಇನ್‌ಸ್ಟಾಲ್ ಮಾಡು’ ಎಂಬ ಹಳೆಯ ಅಭ್ಯಾಸವನ್ನು ಇಲ್ಲಿಗೂ ತಂದು ಇದೇ ಹಳ್ಳಕ್ಕೆ ಬೀಳುತ್ತಾರೆ. ಮೊಬೈಲ್ ಡೇಟಾ ಹಂಚಿಕೊಂಡು ಕೆಲಸ ಮಾಡುವವರಿಗೆ ಇದು ಬರೀ ಸಿದ್ಧಾಂತವಲ್ಲ: ಒಂದು ಚಿಕ್ಕ ಸಾಧನ ಬೇಕೆಂದರೂ ಮೊದಲು ದೊಡ್ಡ ಅಪ್‌ಡೇಟ್ ಇಳಿಸಿಕೊಳ್ಳಬೇಕಾದೀತು.

ವ್ಯವಸ್ಥೆಯ ತಿರುಳಾದ ಕರ್ನಲ್ ವಿಷಯದಲ್ಲೂ ಆರ್ಚ್ ಹಿಂದೆ ತಿರುಗಿ ನೋಡುವುದಿಲ್ಲ. ಹೊಸ ಕರ್ನಲ್ ಹಳೆಯದರ ಜಾಗದಲ್ಲೇ ಕೂರುತ್ತದೆ, ಅದು ಬೇಕಾದಾಗ ಸೇರಿಸಿಕೊಳ್ಳುವ ತುಣುಕುಗಳಾದ ಹಳೆಯ ಮಾಡ್ಯೂಲ್‌ಗಳು ಅಳಿಸಿಹೋಗುತ್ತವೆ. ಅಪ್‌ಡೇಟ್ ಆದ ಮೇಲೆ ಪೆನ್‌ಡ್ರೈವ್ ಚುಚ್ಚಿದರೆ ಕಾಣಿಸದಿದ್ದಾಗ ಗಾಬರಿಯಾಗಬೇಡಿ. ಓಡುತ್ತಿರುವ ಕರ್ನಲ್‌ಗೆ ಬೇಕಾದ ಮಾಡ್ಯೂಲ್ ಡಿಸ್ಕಿನಲ್ಲಿ ಉಳಿದಿಲ್ಲ, ರೀಬೂಟ್ ಮಾಡಿದರೆ ಸರಿಹೋಗುತ್ತದೆ.

ಹಾಗಿದ್ದರೂ ಜನ ಆರ್ಚ್‌ಗೆ ಮುಗಿಬೀಳುವುದೇಕೆ? ಒಂದು, ಅದರ ವಿಕಿ; ಬೇರೆ ಡಿಸ್ಟ್ರೋ ಬಳಸುವವರೂ ಅಲ್ಲಿಯೇ ಉತ್ತರ ಹುಡುಕುತ್ತಾರೆ. ಎರಡು, ಎಯುಆರ್. ಬಳಕೆದಾರರೇ ಬರೆದು ಹಂಚಿಕೊಂಡ ಬಿಲ್ಡ್ ಲಿಪಿಗಳ ಆ ಭಂಡಾರದಲ್ಲಿ ಸಿಗದ ತಂತ್ರಾಂಶ ಅಪರೂಪ. ಆದರೆ ಅದು ಅಧಿಕೃತ ರೆಪಾಸಿಟರಿಯಲ್ಲ, ಅಲ್ಲಿಗೆ ಯಾರು ಬೇಕಾದರೂ ಸೇರಿಸಬಹುದು. 2018ರಲ್ಲಿ ವಾರಸುದಾರರಿಲ್ಲದ ಪಿಡಿಎಫ್ ರೀಡರ್ ಪ್ಯಾಕೇಜ್ ಒಂದನ್ನು ಯಾರೋ ವಹಿಸಿಕೊಂಡು ದುರುದ್ದೇಶದ ಸಾಲುಗಳನ್ನು ಸೇರಿಸಿದ್ದರು. 2025ರ ಜುಲೈನಲ್ಲಿ ಬ್ರೌಸರ್‌ಗಳ ತಿದ್ದಿದ ಆವೃತ್ತಿ ಎಂಬ ವೇಷದಲ್ಲಿ ದೂರದಿಂದ ಯಂತ್ರವನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಕುತಂತ್ರಾಂಶ ಅಲ್ಲಿ ಕಾಣಿಸಿಕೊಂಡಿತು. ‘ಯೇ’, ‘ಪಾರು’ ಎಂಬ ಸಹಾಯಕ ಆದೇಶಗಳು ಎಯುಆರ್ ಅನ್ನು ಅಧಿಕೃತ ರೆಪಾಸಿಟರಿಯಷ್ಟೇ ಸುಲಭವಾಗಿಸುತ್ತವೆ, ತೊಂದರೆಯೂ ಅಲ್ಲೇ. ಬಿಲ್ಡ್ ಲಿಪಿಯನ್ನು ಓದಿ ನೋಡುವ ತಾಳ್ಮೆ ಇಲ್ಲದವರಿಗೆ ಎಯುಆರ್ ಬೇಡ ಎಂಬುದೇ ನನ್ನ ಮಾತು, ಇದರಲ್ಲಿ ರಾಜಿ ಇಲ್ಲ.

ಎಕ್ಸ್‌ಬಿಪಿಎಸ್: ಹೆಸರು ಕಡಿಮೆ, ಶಿಸ್ತು ಜಾಸ್ತಿ

ವಾಯ್ಡ್ ಲಿನಕ್ಸ್ 2008ರಲ್ಲಿ ಹುಟ್ಟಿದ್ದು, ನೆಟ್‌ಬಿಎಸ್‌ಡಿ ಎಂಬ ಬೇರೊಂದು ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದ ಹುವಾನ್ ರೊಮೆರೊ ಪಾರ್ದಿನೆಸ್ ಅವರ ಕೈಯಲ್ಲಿ. ಬೇರೆ ಯಾವುದರ ಕವಲೂ ಅಲ್ಲ. ಇದೂ ರೋಲಿಂಗ್, ಆದರೆ ಆರ್ಚ್‌ಗಿಂತ ನಿಧಾನ ಹೆಜ್ಜೆ. ಜಿಲಿಬ್‌ಸಿ ಬೇಕೋ ಮಸಲ್ ಬೇಕೋ ಎಂದು ಶುರುವಿನಲ್ಲೇ ಆರಿಸಿಕೊಳ್ಳಬಹುದು. ಆಮೇಲೆ ಬದಲಾಯಿಸಬೇಕೆಂದರೆ ಮತ್ತೆ ಮೊದಲಿನಿಂದ ಹಾಕಿಕೊಳ್ಳಬೇಕು. ಮನೆಬಳಕೆಗೆ ಜಿಲಿಬ್‌ಸಿಯೇ ಇರಲಿ.

ಇಲ್ಲಿ ಒಂದೇ ಆದೇಶದ ಬದಲು ಕುಟುಂಬವೇ ಇದೆ. ಹಾಕಲು ‘ಎಕ್ಸ್‌ಬಿಪಿಎಸ್-ಇನ್‌ಸ್ಟಾಲ್’, ವಿಚಾರಿಸಲು ‘ಎಕ್ಸ್‌ಬಿಪಿಎಸ್-ಕ್ವೆರಿ’, ತೆಗೆಯಲು ‘ಎಕ್ಸ್‌ಬಿಪಿಎಸ್-ರಿಮೂವ್’. ಟೈಪ್ ಮಾಡುವುದು ಸ್ವಲ್ಪ ಉದ್ದವಾಯಿತು, ಆದರೆ ಯಾವುದು ಏನು ಮಾಡುತ್ತದೆಂದು ಊಹಿಸಬೇಕಾಗಿಲ್ಲ. ಕ್ವೆರಿಗೆ ಸಣ್ಣ ಎಂ ಕೊಟ್ಟರೆ ನೀವಾಗಿ ಕೇಳಿ ಹಾಕಿಸಿದ್ದರ ಪಟ್ಟಿ. ರಿಮೂವ್‌ಗೆ ಸಣ್ಣ ಒ ಕೊಟ್ಟರೆ ಅನಾಥರು ಹೊರಗೆ. ದೊಡ್ಡ ಒ ಕೊಟ್ಟರೆ ಕ್ಯಾಶ್‌ನಲ್ಲಿ ಹಳತಾಗಿ ಬಿದ್ದಿರುವ ಫೈಲುಗಳು ಖಾಲಿ. ಎರಡನ್ನೂ ಸೇರಿಸಿ ಒಟ್ಟಿಗೆ ಕೊಡಬಹುದು.

ಆರ್ಚ್‌ನಲ್ಲಿ ನಾನು ದೂರಿದ ಲೈಬ್ರರಿಯ ತೊಡಕನ್ನು ಎಕ್ಸ್‌ಬಿಪಿಎಸ್ ತಾನೇ ನೋಡಿಕೊಳ್ಳುತ್ತದೆ. ಪ್ರತಿ ಪ್ಯಾಕೇಜ್‌ಗೂ ಯಾವ ಹಂಚಿಕೆಯ ಲೈಬ್ರರಿ ಬೇಕು, ಯಾವುದನ್ನು ಅದು ಒದಗಿಸುತ್ತದೆ ಎಂಬುದು ದಾಖಲಾಗಿರುತ್ತದೆ. ನೀವು ಮಾಡಹೊರಟ ಬದಲಾವಣೆಯಿಂದ ಬೇರೊಂದು ಪ್ಯಾಕೇಜ್‌ನ ಲೈಬ್ರರಿ ಕೈತಪ್ಪುವುದಾದರೆ ಎಕ್ಸ್‌ಬಿಪಿಎಸ್ ಕೆಲಸವನ್ನೇ ಶುರುಮಾಡದೆ ಯಾವುದು ಮುರಿಯುತ್ತದೆ ಎಂದು ಹೆಸರಿಸುತ್ತದೆ. ಎಪಿಕೆಯಲ್ಲೂ ಲೈಬ್ರರಿಗಳ ಲೆಕ್ಕ ಹೀಗೆಯೇ ಪ್ಯಾಕೇಜ್‌ನೊಳಗೆ ಇರುತ್ತದೆ. ರೋಲಿಂಗ್ ಬೇಕು, ಆದರೆ ರೋಲಿಂಗ್‌ನ ಎದೆಬಡಿತ ಬೇಡ ಎನ್ನುವವರಿಗೆ ವಾಯ್ಡ್ ಹೇಳಿಮಾಡಿಸಿದ್ದು. ಹಳೆಯ ಕರ್ನಲ್‌ಗಳನ್ನೂ ಅದು ಉಳಿಸಿಕೊಂಡಿರುತ್ತದೆ. ಹೊಸದರಲ್ಲಿ ಯಂತ್ರ ಏಳದಿದ್ದರೆ ಬೂಟ್ ಪಟ್ಟಿಯಿಂದ ಹಳೆಯದನ್ನು ಆರಿಸಿಕೊಳ್ಳಬಹುದು. ಬೇಡವಾದವನ್ನು ‘ವಿಕೆಪರ್ಜ್’ ಎಂಬ ಆದೇಶ ತೆಗೆಯುತ್ತದೆ. ನೀವು ತೆಗೆಯದಿದ್ದರೆ ಅವು ಗುಡ್ಡೆಬಿದ್ದು ಬೂಟ್ ವಿಭಾಗ ತುಂಬುತ್ತದೆ ಎಂಬುದೂ ಇದರ ಜೊತೆಗೇ ಬರುವ ಕಾಟ.

ವಾಯ್ಡ್‌ನ ಕೊರತೆ ಸಂಖ್ಯೆಯದು. ಪ್ಯಾಕೇಜ್‌ಗಳು ಕಡಿಮೆ, ದುಡಿಯುವ ಕೈಗಳು ಕಡಿಮೆ. 2018ರಲ್ಲಿ ಯೋಜನೆಯ ಮುಖ್ಯಸ್ಥರು ಬಹುಕಾಲ ಸಂಪರ್ಕಕ್ಕೆ ಸಿಗದೆ, ಹಳೆಯ ಜಾಲತಾಣದ ಹೆಸರಿನ ಮೇಲೆ ಉಳಿದವರಿಗೆ ಹಿಡಿತವಿಲ್ಲದೆ, ಅವರೆಲ್ಲ ಸೇರಿ ಹೊಸ ವಿಳಾಸಕ್ಕೆ ಹೋಗಬೇಕಾಯಿತು. ಯೋಜನೆ ಉಳಿಯಿತು, ಇಂದಿಗೂ ನಡೆಯುತ್ತಿದೆ. ಆದರೂ ಇಡೀ ಕಚೇರಿಯ ಸರ್ವರ್‌ಗಳನ್ನು ಅದರ ಮೇಲೆ ಕಟ್ಟುವ ಮುನ್ನ ನಾನು ಎರಡು ಬಾರಿ ಯೋಚಿಸುತ್ತೇನೆ.

ಆಪ್ಟ್: ಹಳೆಯ ಹುಲಿ, ಆದರೆ ಪಥ್ಯದಲ್ಲಿಡಬೇಕು

ಡೆಬಿಯನ್ ಕನಿಷ್ಠವೇ ಎಂದು ಕೇಳುವವರಿದ್ದಾರೆ. ‘ಡಿಬೂಟ್‌ಸ್ಟ್ರ್ಯಾಪ್’ ಎಂಬ ಸಾಧನಕ್ಕೆ ‘ಮಿನ್‌ಬೇಸ್’ ರೂಪ ಬೇಕೆಂದರೆ ಅದು ಅತ್ಯಗತ್ಯದ ಪ್ಯಾಕೇಜ್‌ಗಳು ಮತ್ತು ಆಪ್ಟ್ ಅಷ್ಟನ್ನೇ ಹಾಕಿಕೊಡುತ್ತದೆ. ಆಲ್ಪೈನ್‌ನಷ್ಟು ಚಿಕ್ಕದಲ್ಲ, ಆದರೆ ಹಳೆಯ ಲ್ಯಾಪ್‌ಟಾಪಿಗೋ ಬಾಡಿಗೆಯ ಚಿಕ್ಕ ಸರ್ವರ್‌ಗೋ ಧಾರಾಳವಾಗಿ ಸಾಕು.

ಆಪ್ಟ್ ದಪ್ಪಗಾಗುವುದು ‘ರೆಕಮೆಂಡ್ಸ್’ ಎಂಬ ಶಿಫಾರಸುಗಳಿಂದ. ಒಂದು ಪ್ಯಾಕೇಜ್ ‘ನನ್ನ ಜೊತೆ ಇವರಿದ್ದರೆ ಒಳ್ಳೆಯದು’ ಎಂದು ಹೇಳಿದವರನ್ನೆಲ್ಲ ಆಪ್ಟ್ ಕೇಳದೆಯೇ ಕರೆತರುತ್ತದೆ. ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಎಂಬ ಆಯ್ಕೆ ಕೊಟ್ಟರೆ ಅದು ನಿಲ್ಲುತ್ತದೆ. ಆಪ್ಟ್‌ನ ಸಂರಚನೆಯಲ್ಲಿ ಒಂದು ಸಾಲು ಬರೆದು ಶಾಶ್ವತವಾಗಿಯೂ ನಿಲ್ಲಿಸಬಹುದು. ಆದರೆ ಶಿಫಾರಸುಗಳೆಲ್ಲ ದಂಡವಲ್ಲ. ಶಾಶ್ವತವಾಗಿ ನಿಲ್ಲಿಸಿದ ಮೇಲೆ ಯಾವುದೋ ಪ್ರೋಗ್ರಾಂ ಅರ್ಧ ಕೆಲಸ ಮಾಡಿ ಸುಮ್ಮನಾದರೆ, ಅದು ಯಾರನ್ನು ಶಿಫಾರಸು ಮಾಡಿತ್ತು ಎಂದು ‘ಆಪ್ಟ್ ಶೋ’ದಲ್ಲಿ ಮೊದಲು ನೋಡಿ.

ತೆಗೆಯುವಾಗ ‘ರಿಮೂವ್’ ಎಂದರೆ ಸಂರಚನೆ ಉಳಿಯುತ್ತದೆ, ‘ಪರ್ಜ್’ ಎಂದರೆ ಅದೂ ಹೋಗುತ್ತದೆ. ಬೆನ್ನಿಗೆ ಬಂದವರನ್ನು ‘ಆಟೋರಿಮೂವ್’ ಗುಡಿಸುತ್ತದೆ, ಆದರೆ ಒಪ್ಪಿಗೆ ಕೊಡುವ ಮೊದಲು ಪಟ್ಟಿಯನ್ನು ಕಣ್ಣಾರೆ ಓದಬೇಕು. ಒಂದು ಡೆಸ್ಕ್‌ಟಾಪ್‌ನ ಮೆಟಾ ಪ್ಯಾಕೇಜ್ (ಬೇರೆ ಪ್ಯಾಕೇಜ್‌ಗಳನ್ನು ಕರೆತರಲೆಂದೇ ಇರುವುದು) ತೆಗೆದರೆ ಅದರ ಬೆನ್ನಿಗೆ ಬಂದಿದ್ದ ನೂರಾರು ಪ್ಯಾಕೇಜ್‌ಗಳು ಇದ್ದಕ್ಕಿದ್ದಂತೆ ಅನಾಥವೆನಿಸಿಕೊಳ್ಳುತ್ತವೆ. ಉಳಿಸಿಕೊಳ್ಳಬೇಕಾದ್ದನ್ನು ‘ಆಪ್ಟ್-ಮಾರ್ಕ್ ಮ್ಯಾನುಯಲ್’ ಎಂದು ಗುರುತು ಮಾಡಬಹುದು, ಅಪ್‌ಡೇಟ್ ಆಗದಂತೆ ‘ಹೋಲ್ಡ್’ ಎಂದು ಕಟ್ಟಿಹಾಕಲೂಬಹುದು. ಸ್ಕ್ರಿಪ್ಟ್‌ಗಳಲ್ಲಿ ಬರೆಯುವಾಗ ಹಳೆಯ ‘ಆಪ್ಟ್-ಗೆಟ್’ ಬಳಸಿ. ಬರೀ ‘ಆಪ್ಟ್’ ಮನುಷ್ಯರಿಗಾಗಿ ಮಾಡಿದ್ದು, ಅದರ ಮಾತಿನ ಧಾಟಿ ಬದಲಾಗಬಹುದು ಎಂದು ಅದೇ ಎಚ್ಚರಿಸುತ್ತದೆ. ಡೆಬಿಯನ್ 13ರಲ್ಲಿ ಬಂದ ಆಪ್ಟ್ 3.0 ಹಾಕುವುದನ್ನು ಹಸಿರಿನಲ್ಲೂ ತೆಗೆಯುವುದನ್ನು ಕೆಂಪಿನಲ್ಲೂ ತೋರಿಸುತ್ತದೆ. ಸಣ್ಣ ವಿಷಯವೇ, ಆದರೆ ನಿದ್ದೆಗಣ್ಣಿನಲ್ಲಿ ಎಂಟರ್ ಒತ್ತುವವರಿಗೆ ದೊಡ್ಡ ಉಪಕಾರ.

ಹೊಸ ಆವೃತ್ತಿಗಳು ತಡವಾಗಿ ಸಿಗುತ್ತವೆ ಎಂದು ಡೆಬಿಯನ್ ಸ್ಥಿರ ಶಾಖೆಯನ್ನು ಹಂಗಿಸುವುದುಂಟು. 2024ರ ಮಾರ್ಚ್ 29ರಂದು ಎಕ್ಸ್‌ಜೆಡ್ ಎಂಬ ಸಂಕುಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತ ಹಿಂಬಾಗಿಲು ಇರುವುದನ್ನು ಆಂಡ್ರೆಸ್ ಫ್ರೊಯಿಂಡ್ ಬಹಿರಂಗಪಡಿಸಿದರು. ಆ ಹೊತ್ತಿಗೆ ಆ ಆವೃತ್ತಿಗಳು ಆರ್ಚ್‌ಗೂ ಡೆಬಿಯನ್‌ನ ಪರೀಕ್ಷಾ ಶಾಖೆಗೂ ಬಂದಾಗಿತ್ತು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಆರ್ಚ್‌ನಲ್ಲಿ ಎಕ್ಸ್‌ಜೆಡ್‌ನ ಲೈಬ್ರರಿಯನ್ನು ನೇರವಾಗಿ ಜೋಡಿಸಿಕೊಂಡಿರಲಿಲ್ಲವಾದ್ದರಿಂದ ಆ ದಾರಿಯ ಏಟು ತಪ್ಪಿತು. ಡೆಬಿಯನ್ ಸ್ಥಿರ ಶಾಖೆಗೆ ಅವು ತಲುಪಿಯೇ ಇರಲಿಲ್ಲ. ತಡವಾಗಿ ಬರುವುದೂ ಒಂದು ಬಗೆಯ ಕಾವಲು.

ಆರು ತಿಂಗಳ ನಂತರ

ಪರೀಕ್ಷೆಯ ಓದಿನಲ್ಲಿ ಮುಳುಗಿದ ಮಗನ ಲ್ಯಾಪ್‌ಟಾಪ್, ತೋಟದ ಮನೆಯ ಪುಟ್ಟ ಸರ್ವರ್, ಊರಲ್ಲಿ ಬಿಟ್ಟುಬಂದ ಹಳೆಯ ಯಂತ್ರ. ನಮ್ಮಲ್ಲಿ ಇಂಥವೇ ಹೆಚ್ಚು. ಹೋಲಿಕೆಯಲ್ಲಿ ನಾನು ಹೆಚ್ಚು ತೂಕ ಕೊಡುವುದು ಇವುಗಳಿಗೇ.

ಡೆಬಿಯನ್ ಸ್ಥಿರ ಶಾಖೆಯಲ್ಲಿ ಏನೂ ಆಗುವುದಿಲ್ಲ. ‘ಅಪ್‌ಡೇಟ್’, ‘ಅಪ್‌ಗ್ರೇಡ್’, ಕೆಲವು ಭದ್ರತಾ ತಿದ್ದುಪಡಿಗಳು, ಮುಗಿಯಿತು. ಬಿಡುಗಡೆಯಿಂದ ಬಿಡುಗಡೆಗೆ ಹೋಗುವಾಗ ಮಾತ್ರ ಮೆಟ್ಟಿಲು ಹಾರುವಂತಿಲ್ಲ. 11ರಿಂದ 13ಕ್ಕೆ ನೇರ ದಾರಿಯಿಲ್ಲ, 12ನ್ನು ಹಾಯ್ದೇ ಹೋಗಬೇಕು. ಆಲ್ಪೈನ್‌ನಲ್ಲಿ ರೆಪಾಸಿಟರಿ ಫೈಲಿನಲ್ಲಿ ಆವೃತ್ತಿಯ ಸಂಖ್ಯೆ ತಿದ್ದಿ, ‘ಎಪಿಕೆ ಅಪ್‌ಡೇಟ್’ ಮಾಡಿ, ‘ಅವೈಲಬಲ್’ ಆಯ್ಕೆಯೊಡನೆ ‘ಎಪಿಕೆ ಅಪ್‌ಗ್ರೇಡ್’ ಮಾಡಿದರೆ ಸಾಮಾನ್ಯವಾಗಿ ಸಲೀಸು. ವಾಯ್ಡ್ ಮೊದಲು ‘ಎಕ್ಸ್‌ಬಿಪಿಎಸ್ ಅನ್ನೇ ಹೊಸದು ಮಾಡಿಕೋ’ ಎನ್ನುತ್ತದೆ, ಯಾವ ಆದೇಶ ಕೊಡಬೇಕೆಂದೂ ಅದೇ ಬರೆದು ತೋರಿಸುತ್ತದೆ. ಆಮೇಲೆ ದೊಡ್ಡ ಇಳಿಕೆ, ನಂತರ ಶಾಂತಿ.

ಆರ್ಚ್‌ನಲ್ಲಿ ಮೊದಲ ತಡೆ ಸಹಿಗಳದು. ಪ್ಯಾಕೇಜ್‌ಗಳಿಗೆ ಸಹಿ ಹಾಕುವವರ ಕೀಲಿಗಳು ನಿಮ್ಮ ಯಂತ್ರದಲ್ಲಿ ಹಳತಾಗಿ, ಎಲ್ಲವೂ ಅಮಾನ್ಯ ಎಂಬ ದೂರು ಬರುತ್ತದೆ. ‘ಆರ್ಚ್‌ಲಿನಕ್ಸ್-ಕೀರಿಂಗ್’ ಪ್ಯಾಕೇಜನ್ನು ಮೊದಲು ಹೊಸದು ಮಾಡಿ, ಕೂಡಲೇ ಉಳಿದದ್ದನ್ನೂ ಮಾಡಬೇಕು. ‘ಎಸ್‌ವೈ’ಗೆ ಇರುವ ಒಪ್ಪಿತ ವಿನಾಯಿತಿ ಇದು. ಎರಡನೆಯದು, ಈ ನಡುವೆ ಆರ್ಚ್ ತನ್ನ ಮುಖಪುಟದಲ್ಲಿ ಹಾಕಿದ ಸೂಚನೆಗಳು. 2025ರ ಜೂನ್‌ನಲ್ಲಿ ಫರ್ಮ್‌ವೇರ್ ಪ್ಯಾಕೇಜನ್ನು ಹಲವು ತುಂಡು ಮಾಡಿದಾಗ, ಹಳೆಯದನ್ನು ಮೊದಲು ಕೈಯಾರೆ ತೆಗೆದು ಆಮೇಲೆ ಅಪ್‌ಡೇಟ್ ಮಾಡಬೇಕಾಗಿತ್ತು. ತಿಂಗಳಿಗೊಮ್ಮೆಯಾದರೂ ಕೂರುವವರಿಗೆ ಇದು ಹತ್ತು ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಬರುವವರಿಗೆ ಎಲ್ಲ ಸೂಚನೆಗಳೂ ಒಟ್ಟಿಗೆ ಎದುರಾಗುತ್ತವೆ.

ನೀವು ತಿದ್ದಿದ ಸಂರಚನಾ ಫೈಲುಗಳನ್ನು ಈ ನಾಲ್ಕರಲ್ಲಿ ಯಾವುದೂ ಸದ್ದಿಲ್ಲದೆ ಅಳಿಸುವುದಿಲ್ಲ. ಡೆಬಿಯನ್ ನಡುವೆ ನಿಂತು ಯಾವುದು ಬೇಕೆಂದು ಕೇಳುತ್ತದೆ. ಉಳಿದ ಮೂರೂ ನಿಮ್ಮದನ್ನು ಇಟ್ಟು, ಹೊಸದನ್ನು ಪಕ್ಕದಲ್ಲಿ ಬೇರೆ ಬಾಲ ಸೇರಿಸಿ ಇಡುತ್ತವೆ: ಆರ್ಚ್‌ನಲ್ಲಿ ‘ಪ್ಯಾಕ್‌ನ್ಯೂ’, ಆಲ್ಪೈನ್‌ನಲ್ಲಿ ‘ಎಪಿಕೆ-ನ್ಯೂ’, ವಾಯ್ಡ್‌ನಲ್ಲಿ ‘ನ್ಯೂ’ ಮತ್ತು ಆವೃತ್ತಿಯ ಸಂಖ್ಯೆ. ಅವನ್ನು ಹುಡುಕಿ ಹೊಂದಿಸುವುದು ನಿಮ್ಮ ಕೆಲಸ, ಮತ್ತು ಬಹಳ ಜನ ಮರೆಯುವ ಕೆಲಸ.

ಕನ್ನಡ ಕಾಣಬೇಕಾದರೆ

ಕನಿಷ್ಠ ಡಿಸ್ಟ್ರೋದಲ್ಲಿ ಕನ್ನಡ ಪುಟ ತೆರೆದರೆ ಮೊದಲಿಗೆ ಕಾಣುವುದು ಚೌಕಗಳ ಸಾಲು. ಡೆಬಿಯನ್‌ನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಮೆಟಾ ಪ್ಯಾಕೇಜ್ ಇದೆ. ಗುಬ್ಬಿ, ನವಿಲು, ಲೋಹಿತ್ ಅಕ್ಷರಗಳು ಬೇರೆ ಬೇರೆಯಾಗಿಯೂ ಸಿಗುತ್ತವೆ. ಆರ್ಚ್‌ನಲ್ಲಿ ‘ನೋಟೋ-ಫಾಂಟ್ಸ್’ ಹಾಕಿದರೆ ಕನ್ನಡವೂ ಒಳಗೇ ಬರುತ್ತದೆ. ಆಲ್ಪೈನ್, ವಾಯ್ಡ್‌ಗಳಲ್ಲೂ ನೋಟೋ ಸಿಗುತ್ತದೆ. ಈ ವಿಷಯದಲ್ಲಿ ಡೆಬಿಯನ್ ಮುಂದಿದೆ. ಡೆಸ್ಕ್‌ಟಾಪ್ ಇಲ್ಲದ ಬರೀ ಕನ್ಸೋಲ್‌ನಲ್ಲಿ ಮಾತ್ರ ಯಾವ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ. ಲಿನಕ್ಸ್ ಕನ್ಸೋಲ್‌ಗೆ ಹೆಚ್ಚೆಂದರೆ 512 ಅಕ್ಷರರೂಪಗಳು, ಒತ್ತಕ್ಷರ ಜೋಡಿಸುವ ಶಕ್ತಿಯಂತೂ ಅದಕ್ಕಿಲ್ಲ.

ಹಾಗಾದರೆ ಯಾವುದು

ಕಂಟೇನರ್, ರೌಟರ್, ಮೆಮೊರಿ ಕಾರ್ಡಿನ ಮೇಲೆ ಬದುಕುವ ಪುಟ್ಟ ಸರ್ವರ್: ಆಲ್ಪೈನ್. ಓಡಿಸಬೇಕಾದದ್ದೆಲ್ಲ ಅದರ ರೆಪಾಸಿಟರಿಯಲ್ಲೇ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮನೆಯವರೂ ಬಳಸುವ, ಅಥವಾ ನೀವು ಅಪರೂಪಕ್ಕೆ ಮುಟ್ಟುವ ಯಂತ್ರ: ಡೆಬಿಯನ್, ಶಿಫಾರಸುಗಳಿಗೆ ಕಡಿವಾಣ ಹಾಕಿ. ದಿನವೂ ಕೂರುವ ಸ್ವಂತ ಲ್ಯಾಪ್‌ಟಾಪ್, ಹೊಸ ಹಾರ್ಡ್‌ವೇರ್, ಓದಿ ಕಲಿಯುವ ಹಂಬಲ: ಆರ್ಚ್. ಅದೇ ಹಂಬಲವಿದ್ದು ಅಪ್‌ಡೇಟ್‌ನ ತಲೆಬಿಸಿ ಬೇಡವೆಂದರೆ ವಾಯ್ಡ್. ನನ್ನ ಸ್ವಂತ ಮತ ಇದಕ್ಕೇ.

32 ಬಿಟ್‌ನ ಹಳೆಯ ಪೆಟ್ಟಿಗೆಯೊಂದು ಅಟ್ಟದ ಮೇಲಿದ್ದರೆ ಲೆಕ್ಕ ಬದಲಾಗುತ್ತದೆ. ಆರ್ಚ್ 2017ರಲ್ಲೇ ಅದನ್ನು ಕೈಬಿಟ್ಟಿತು. ಡೆಬಿಯನ್ 13 ಅದಕ್ಕೆ ಕರ್ನಲ್ ಆಗಲಿ ಇನ್‌ಸ್ಟಾಲರ್ ಆಗಲಿ ಕೊಡುವುದಿಲ್ಲ. ಆಲ್ಪೈನ್ 32 ಬಿಟ್ ಇಮೇಜ್ ಕೊಡುತ್ತದೆ, ವಾಯ್ಡ್ ಕೂಡ ಜಿಲಿಬ್‌ಸಿ ರೂಪದಲ್ಲಿ ಕೊಡುತ್ತದೆ. ರ‍್ಯಾಮ್ ತೀರಾ ಕಡಿಮೆಯಿದ್ದರೆ ಟೈನಿ ಕೋರ್ ಎಂಬ ಪುಟ್ಟ ಡಿಸ್ಟ್ರೋ ಇದೆ. ಅದರ ‘ಟಿಸಿಇ-ಲೋಡ್’ ತಂತ್ರಾಂಶವನ್ನು ಬಿಚ್ಚಿ ಹರಡುವುದೇ ಇಲ್ಲ, ಗಂಟನ್ನು ಗಂಟಾಗಿಯೇ ಮೌಂಟ್ ಮಾಡುತ್ತದೆ. ಬೂಟ್ ಆಗುವಾಗ ಯಾವ ಗಂಟುಗಳು ಬೇಕೆಂದು ‘ಆನ್‌ಬೂಟ್’ ಪಟ್ಟಿಯಲ್ಲಿ ಬರೆದಿಡಬೇಕು. ಆ ಪಟ್ಟಿಯಿಂದ ಹೆಸರು ಅಳಿಸಿದರೆ ಮುಂದಿನ ಬೂಟ್‌ನಲ್ಲಿ ಆ ತಂತ್ರಾಂಶ ಇರುವುದಿಲ್ಲ.